ಪುರಸಭೆಯ ಬಾಗಿಲಿಗೊಂದು ಹಸಿರು ಕಮಾನು

ಎಲ್ಲರ್‌ಹುಕ್, ಟ್ವೆಂಟೆ
14 ಜನವರಿ 2015

ಪ್ರೀತಿಯ ತಮ್ಮ ಲಾಮರ್ಟ್‌ಗೆ,

ನಿನ್ನ ಕಿವಿ ಇನ್ನು ಫೋನಿಗೆ ಒಗ್ಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಕ್ಕೆ ನನಗೇನೂ ಬೇಜಾರಿಲ್ಲ. ಫೋನಿನಲ್ಲಿ ನೀನು ಯಾವತ್ತೂ ನನ್ನ ಮಾತು ಮುಗಿಯಲು ಬಿಟ್ಟವನಲ್ಲ. ಕಾಗದವಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ, ಕೊನೆಯವರೆಗೂ ಓದಲೇಬೇಕು.

ಹೊಸ ವರ್ಷದ ಮೊದಲ ವಾರ ಪುರಸಭೆಯಿಂದ ನಮ್ಮ ಏಳೂ ಮನೆಗಳಿಗೆ ಒಂದೊಂದು ಲಕೋಟೆ ಬಂತು. ಒಳಗೆ ಬಣ್ಣದ ಪುಸ್ತಿಕೆ, ಅದರ ಮೇಲೆ ‘ನೆರೆತನವೇ ನಮ್ಮ ಬಲ’ ಎಂದು ದಪ್ಪಕ್ಷರ. ಜೊತೆಗೆ ಒಂದು ಪತ್ರ. ಅದರ ಸಾರಾಂಶ ಇಷ್ಟು: ಏಪ್ರಿಲ್ ಒಂದರಿಂದ ಸಿಲ್ವಿಯಾ ಬರುವುದಿಲ್ಲ. ಮಂಗಳವಾರ, ಶುಕ್ರವಾರ ಬಂದು ನೆಲ ಒರೆಸಿ, ಹಾಸಿಗೆ ಬದಲಿಸಿ, ನಾನು ಸ್ನಾನದ ತೊಟ್ಟಿ ಹತ್ತಿ ಇಳಿಯುವಾಗ ಕೈ ಹಿಡಿದು, ಬೆನ್ನಿಗೆ ನೀರು ಹಾಕಿ ಹೋಗುತ್ತಾಳಲ್ಲ, ಪುರಸಭೆ ಸಂಬಳ ಕೊಟ್ಟು ಕಳಿಸುವ ಆ ಸಿಲ್ವಿಯಾ. ಇನ್ನು ಅದೆಲ್ಲವನ್ನೂ ‘ನಿಮ್ಮ ಮೊದಲ ನೆರೆಯವರು’ ನೋಡಿಕೊಳ್ಳುತ್ತಾರಂತೆ. ಅದು ಸಾಲದಿದ್ದರೆ ಪಟ್ಟಣದ ವೃದ್ಧಾಶ್ರಮದಲ್ಲಿ ಕೋಣೆ ಖಾಲಿ ಇದೆಯಂತೆ. ಅಂದರೆ ಸಿಲ್ವಿಯಾ ಹೋದರೆ ಈ ಮನೆಯಿಂದ ನಾನೂ ಹೊರಟೆ ಎಂದೇ ಅರ್ಥ.

ಮೊದಲ ನೆರೆಯವರು ಯಾರೆಂದು ಹೆಸರನ್ನೂ ಅಚ್ಚು ಹಾಕಿದ್ದಾರೆ. ಶ್ರೀ ವಿಲ್ಫ್ರೆಡ್ ಪಿನಾಸ್.

ನಗಬೇಡ. ನಮ್ಮ ಮೊದಲ ನೆರೆಮನೆ ವೋಲ್ಬರ್ಸ್ ಮನೆ. ಅಜ್ಜನ ಕಾಲದಿಂದಲೂ ನಮ್ಮ ಮನೆಯಲ್ಲಿ ಮಗು ಹುಟ್ಟಿದರೆ ಊರಿಗೆ ಹೇಳಿ ಬರುವವರು ಅವರು, ಸತ್ತರೆ ಪೆಟ್ಟಿಗೆಗೆ ಹೆಗಲು ಕೊಡುವವರು ಅವರು. ಇವತ್ತಿಗೂ ಜಾನೆಸ್ ಬೆಳಿಗ್ಗೆ ಹಾಲು ಕರೆದು ಹೊರಬಂದವನೇ ಎರಡು ಹೊಲದ ಆಚೆಯಿಂದ ನನ್ನ ಅಡುಗೆಮನೆಯ ಪರದೆ ಸರಿದಿದೆಯೇ ಎಂದು ನೋಡುತ್ತಾನೆ. ಪುರಸಭೆಯವರು ಮಾತ್ರ ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು, ಯಾರ ಗೋಡೆ ಹತ್ತಿರವೋ ಅವರೇ ಮೊದಲ ನೆರೆ ಎಂದು ಬರೆದಿದ್ದಾರೆ. ಪಿನಾಸ್ ರಾಟರ್‌ಡ್ಯಾಮಿನಲ್ಲಿ ಟ್ರಾಮ್ ಓಡಿಸುತ್ತಿದ್ದವರು, ಮೂಲ ಸುರಿನಾಮ್. ಹೋದ ವರ್ಷಕ್ಕೆ ಹಿಂದಿನ ಶರತ್ಕಾಲದಲ್ಲಿ ಪಕ್ಕದ ಆಲೂಗೆಡ್ಡೆ ಕೊಟ್ಟಿಗೆಯನ್ನು ಕೊಂಡು ಮನೆ ಮಾಡಿಕೊಂಡರು. ಇಲ್ಲಿಗೆ ಬರುವ ಹೊಸಬರೆಲ್ಲ ಮಾಡುವಂತೆ ಟೋಪಿ ಕೈಯಲ್ಲಿ ಹಿಡಿದು ಮನೆಮನೆಗೆ ಬಂದು ನೆರೆತನ ಕೇಳಿಲ್ಲ. ಕೇಳಬೇಕೆಂದು ಅವರಿಗೆ ಯಾರೂ ಹೇಳಿಯೂ ಇಲ್ಲ.

ಆ ಮನುಷ್ಯ ಸೋಮವಾರ ಬೆಳಿಗ್ಗೆ ಬಕೆಟ್ಟು, ಒರೆಸುವ ಕೋಲು ಹಿಡಿದು ನನ್ನ ಬಾಗಿಲಲ್ಲಿ ನಿಂತಿದ್ದರು.

“ಅಮ್ಮಾ, ಪುರಸಭೆಯೋರು ನನ್ನ ಹೆಸರು ಹಾಕಿದ್ದಾರೆ. ಟೈಮಿಗೆ ಸರಿಯಾಗಿ ಬರೋದು ನನಗೆ ಅಭ್ಯಾಸ. ಎಲ್ಲಿಂದ ಶುರು ಮಾಡ್ಲಿ?”

“ವಾಪಸ್ ಮನೆಗೆ ಹೋಗೋದ್ರಿಂದ ಶುರು ಮಾಡಿ,” ಅಂದೆ.

“ನೆಲ ಒದ್ದೆ ಮಾಡ್ದೆ ಹೋದ್ರೆ ನನ್ನ ಹೆಂಡ್ತಿ ಮರ್ಲೀನ್ ನನ್ನ ಒಳಗೆ ಬಿಟ್ಕೊಳ್ಳಲ್ಲ.”

ಕಾಫಿ ಕೊಟ್ಟೆ, ಆದರೆ ಹೊಸ್ತಿಲಾಚೆಯೇ ನಿಲ್ಲಿಸಿ ಕೊಟ್ಟೆ. ಬೇಸರ ಮಾಡಿಕೊಳ್ಳಲಿಲ್ಲ, ಕುಡಿದು ಹೋದರು. ಆಮೇಲೆ ನನಗೇ ಒಂಥರಾ ಆಯಿತು.

ನನ್ನ ಕಾಲು ಸ್ವಲ್ಪ ಬಿಗಿತ, ಅಷ್ಟೇ. ನೀನು ನಲವತ್ತು ವರ್ಷ ಪುರಸಭೆಯ ಕುರ್ಚಿಯಲ್ಲಿ ಕೂತವನು. ಇದನ್ನು ತಡೆಯುವುದು ಹೇಗೆಂದು ಬರೆ.

ನಿನ್ನ ಅಕ್ಕ
ಗೆಸೀನಾ

ಮಿಡಲ್‌ಬರ್ಗ್
25 ಜನವರಿ 2015

ಪ್ರೀತಿಯ ಅಕ್ಕ,

ಪಿನಾಸ್ ಬಕೆಟ್ಟು ಹಿಡಿದು ನಿಂತದ್ದನ್ನು ಓದಿ ಬಹಳ ನಕ್ಕೆ. ಆದರೆ ಒಂದು ಮಾತು ಹೇಳುತ್ತೇನೆ, ಸಿಟ್ಟಾಗಬೇಡ. ನಕ್ಷೆಯ ತಪ್ಪು ಸಣ್ಣದು. ಯಾರಾದರೂ ಗುಮಾಸ್ತ ಒಂದು ಮಧ್ಯಾಹ್ನ ಕೂತು ಸರಿಪಡಿಸಬಹುದು. ನೀನು ನೋಡಬೇಕಾದದ್ದು ಅದರ ಹಿಂದಿನ ವಿಚಾರವನ್ನು.

ನಾನು ಕೆಲಸ ಮಾಡಿದ ಊರುಗಳಲ್ಲಿ ದೀಪದ ಕಂಬ ಕೆಟ್ಟರೆ ದೂರು, ಪಕ್ಕದ ಮನೆಯ ಬೇಲಿ ಬೆಳೆದರೆ ದೂರು. ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರುತ್ತಿರಲಿಲ್ಲ. ಅಂಥ ಕಡೆ ಆಡಳಿತ ನಡೆಸುವುದು ಎಷ್ಟು ಕಷ್ಟವೆಂದು ನನ್ನನ್ನು ಕೇಳು. ಸಭೆ ಕರೆದರೆ ಖಾಲಿ ಕುರ್ಚಿ, ತೆರಿಗೆ ಕೇಳಿದರೆ ಬೈಗುಳ. ಆಗೆಲ್ಲ ನಾನು ಎಲ್ಲರ್‌ಹುಕ್ ಕಡೆ ಬೆರಳು ತೋರಿಸಿ, ಜನ ಒಬ್ಬರನ್ನೊಬ್ಬರು ನಂಬುವ ಊರಿನಲ್ಲಿ ಪುರಸಭೆಯ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ ಎನ್ನುತ್ತಿದ್ದೆ. ಈಗ ನಿಮ್ಮ ಪುರಸಭೆಗೂ ಅದು ಹೊಳೆದಿದೆ. ನಮ್ಮ ನೆಲದ ಗುಣ ಅಚ್ಚಾಗಿ ಬಂದಿದೆ. ನನಗಂತೂ ಎದೆ ಉಬ್ಬಿತು.

ಪಿನಾಸ್ ಬೇಡವಾದರೆ ಜಾನೆಸ್ ಹೆಸರು ಬರೆಸು. ಆರೈಕೆಯ ಖಾತೆ ನೋಡುವ ಸದಸ್ಯೆ ಮಾರಿಸ್ಕಾ ಓಲ್ಡೆನ್ ಒಳ್ಳೆಯ ಹೆಂಗಸು, ಮಾತು ಕೇಳುತ್ತಾರೆ. ಬಿಗಿತಕ್ಕೆ ದಿನಾ ಸ್ವಲ್ಪ ನಡೆ.

ನಿನ್ನ ಲಾಮರ್ಟ್

ಎಲ್ಲರ್‌ಹುಕ್
6 ಫೆಬ್ರುವರಿ 2015

ಲಾಮರ್ಟ್,

ಮಾರಿಸ್ಕಾ ಓಲ್ಡೆನ್ ಮಾತು ಕೇಳುವವರೆಂದು ಮಿಡಲ್‌ಬರ್ಗಿನಲ್ಲಿ ಕೂತ ನಿನಗೆ ಹೇಗೆ ಗೊತ್ತು ಎಂದು ಯೋಚಿಸುತ್ತಾ ಆ ಪುಸ್ತಿಕೆಯನ್ನು ಕೊನೆಯ ಪುಟದವರೆಗೂ ಓದಿದೆ.

ಕೊನೆಯ ಪುಟದಲ್ಲಿ ಒಂದು ಕಥೆಯಿದೆ. ಯುದ್ಧ ಮುಗಿದ ಮೇಲಿನ ಕಡುಚಳಿಗಾಲ. ಒಬ್ಬ ರೈತ ಹೆಂಗಸು ಬೆಳಕು ಹರಿಯುವ ಮೊದಲೇ ನೀಲಿ ಚೌಕಳಿಯ ಏಪ್ರನ್ನಿನ ಮಡಿಲಲ್ಲಿ ಒಣ ಚಕ್ಕೆ ತುಂಬಿಕೊಂಡು ಎರಡು ಹೊಲ ದಾಟಿ ಹೋಗಿ, ಹಾಸಿಗೆ ಹಿಡಿದ ನೆರೆಯವಳ ಒಲೆ ಹೊತ್ತಿಸುತ್ತಾಳೆ. ಹಾಗೇ ವಸಂತದವರೆಗೆ. ‘ಆಕೆ ಯಾವ ಕಚೇರಿಯನ್ನೂ ಕೇಳಲಿಲ್ಲ’ ಎಂದು ಕಥೆ ಮುಗಿಯುತ್ತದೆ.

ನೀಲಿ ಚೌಕಳಿಯ ಏಪ್ರನ್ ಯಾರದೆಂದು ನನಗೂ ಗೊತ್ತು, ನಿನಗೂ ಗೊತ್ತು. ಆ ಚಳಿಗಾಲವನ್ನು ಕಂಡವರಲ್ಲಿ ಬದುಕಿರುವವರು ಮೂವರು. ಜಾನೆಸ್ ಆಗ ತೊಟ್ಟಿಲಲ್ಲಿದ್ದ. ನಾನು ಯಾರಿಗೂ ಹೇಳಿಲ್ಲ.

ಗೆಸೀನಾ

ಮಿಡಲ್‌ಬರ್ಗ್
15 ಫೆಬ್ರುವರಿ 2015

ಪ್ರೀತಿಯ ಅಕ್ಕ,

ಹೌದು, ನಾನೇ. ಸೆಪ್ಟೆಂಬರಿನಲ್ಲಿ ನಿಮ್ಮ ಪುರಸಭೆಯವರು ನನ್ನನ್ನು ಕರೆಸಿದ್ದರು. ಈ ನೆಲದಲ್ಲಿ ಹುಟ್ಟಿದವರು, ಆಡಳಿತ ಬಲ್ಲವರು, ಸಲಹೆ ಕೊಡಿ ಎಂದರು. ಬೆಳಿಗ್ಗೆ ಬಂದು ಸಂಜೆ ರೈಲಿಗೆ ಹೊರಟೆ, ನಿನ್ನ ಮನೆಗೆ ಬರಲಾಗಲಿಲ್ಲ. ಪುಸ್ತಿಕೆ ಕೈಗೆ ಬಂದಾಗ ನೀನೇ ಗುರುತಿಸಿ ಖುಷಿಪಡುತ್ತೀಯೆಂದು ಹೇಳದೆ ಉಳಿದೆ.

ಆ ಕಥೆ ಹೇಳಿದಾಗ ಮಾರಿಸ್ಕಾ ಕಣ್ಣೊರೆಸಿಕೊಂಡರು. ನಮ್ಮಮ್ಮ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಅವಳು ತೋರಿದ ದಾರಿಯಲ್ಲಿ ಒಂದು ಪುರಸಭೆ ನಡೆಯುತ್ತದೆಂದರೆ ನಾನು ಹೆಮ್ಮೆ ಪಡಬಾರದೇ? ಇದರಲ್ಲಿ ತಪ್ಪೇನೆಂದು ನನಗೆ ತಿಳಿಯುತ್ತಿಲ್ಲ. ನಾನು ಒಂದು ಮಾತನ್ನೂ ಕಟ್ಟಿ ಹೇಳಿಲ್ಲ. ಕಿಟಕಿಯಿಂದ ಕಣ್ಣಾರೆ ಕಂಡದ್ದನ್ನೇ ಹೇಳಿದ್ದೇನೆ.

ನಿನಗೆ ಕಷ್ಟವಾದರೆ ಇಲ್ಲಿಗೇ ಬಂದುಬಿಡು. ಮೇಲಿನ ಕೋಣೆ ಖಾಲಿಯಿದೆ. ಮೆಟ್ಟಿಲು ಸ್ವಲ್ಪ ಕಡಿದು, ಆದರೆ ಬಿಗಿತಕ್ಕೆ ಮೆಟ್ಟಿಲು ಹತ್ತುವುದು ಒಳ್ಳೆಯದೇ.

ನಿನ್ನ ಲಾಮರ್ಟ್

ಎಲ್ಲರ್‌ಹುಕ್
24 ಫೆಬ್ರುವರಿ 2015

ಲಾಮರ್ಟ್,

ಮೊದಲು ನನ್ನ ಕಾಲಿನ ವಿಷಯ. ಅದು ಬಿಗಿತವಲ್ಲ. ನವೆಂಬರಿನಲ್ಲಿ ಅಂಗಳದಲ್ಲಿ ಬಿದ್ದೆ, ಸೊಂಟಕ್ಕೆ ಕಬ್ಬಿಣ ಹಾಕಿದ್ದಾರೆ. ಹೇಳಿದರೆ ಮೇಲಿನ ಕೋಣೆಗೆ ಕರೆಯುತ್ತೀ ಎಂದು ಹೇಳಲಿಲ್ಲ. ಆದರೂ ನೀನು ಕರೆದೇಬಿಟ್ಟೆ. ಅದೂ ಕಡಿದು ಮೆಟ್ಟಿಲಿನ ಕೋಣೆಗೆ.

ಈಗ ನಿನ್ನ ಕಥೆ. ನೀನು ಸುಳ್ಳು ಹೇಳಿದೆ ಎನ್ನುವುದಿಲ್ಲ, ಅರ್ಧ ಹೇಳಿದೆ. ನಿನಗೆ ಆಗ ಐದು ವರ್ಷ, ನಾಯಿಕೆಮ್ಮು. ಕಿಟಕಿ ಪಕ್ಕ ಮಲಗಿ ಅಮ್ಮ ಹೋಗುವುದನ್ನಷ್ಟೇ ನೋಡಿದೆ. ನಾನು ಅವಳ ಜೊತೆ ಆ ಮನೆಯೊಳಗೆ ಹೋಗುತ್ತಿದ್ದೆ.

ಜಾನೆಸ್‌ನ ಅಮ್ಮನ ಕಾಲಿನ ಮೇಲೆ ಬಟ್ಟೆ ಕುದಿಸುವ ಹಂಡೆ ಮಗುಚಿತ್ತು. ತೊಡೆಯಿಂದ ಪಾದದವರೆಗೆ ಬೆಂದಿತ್ತು. ಅಮ್ಮ ಒಲೆ ಹೊತ್ತಿಸಿದಳು, ಹಸು ಕರೆದಳು, ಗಂಜಿ ಕಾಯಿಸಿದಳು, ಎಲ್ಲ ನಿಜ. ಆದರೆ ರಕ್ತ ಕಂಡರೆ ಅಮ್ಮನಿಗೆ ತಲೆ ಸುತ್ತುತ್ತಿತ್ತು. ಕಾಲಿನ ಬಟ್ಟೆ ಬಿಚ್ಚಿದ ಮೊದಲ ದಿನವೇ ಕಲ್ಲಿದ್ದಲಿನ ಪೆಟ್ಟಿಗೆಯ ಮೇಲೆ ದೊಪ್ಪನೆ ಬಿದ್ದಳು. ಎಚ್ಚರವಾದ ಮೇಲೆ ಏನು ಮಾಡಿದಳು ಗೊತ್ತೇ? ಚರ್ಚಿನ ಕೋಟು ಹಾಕಿಕೊಂಡು, ನನ್ನ ಕೈ ಹಿಡಿದು, ನೇರ ಪುರಸಭೆಗೆ ನಡೆದಳು. ಆಗ ಪುರಸಭೆ ನಮ್ಮ ಹಳ್ಳಿಯಲ್ಲೇ ಇತ್ತಲ್ಲ, ಬೇಕರಿಯ ಮೇಲಿನ ಎರಡು ಕೋಣೆ. ಮೇಯರ್ ಮುಂದೆ ನಿಂತು ಹೇಳಿದಳು:

“ಒಲೆ ನಾನು ಹೊತ್ತಿಸ್ತೀನಿ, ಹಸು ನಾನು ಕರೀತೀನಿ. ಅದನ್ನ ನಿಮ್ಮ ಹತ್ರ ಕೇಳೋಕೆ ಬಂದಿಲ್ಲ. ಗಾಯ ಕಟ್ಟೋದು ನನ್ನ ಕೈಲಿ ಆಗಲ್ಲ. ಅದಕ್ಕೆ ಬರೋರನ್ನ ನೀವು ಕಳ್ಸಿ.”

ಮರುದಿನದಿಂದ ನರ್ಸು ಬಂದಳು, ಸೈಕಲ್ಲಿನಲ್ಲಿ, ದಿನಾ. ಹಿಮ ಬಿದ್ದು ದಾರಿ ಮುಚ್ಚಿದಾಗ ಏಳು ಮನೆಯ ಗಂಡಸರೂ ಸಲಿಕೆ ಹಿಡಿದು ದೊಡ್ಡ ರಸ್ತೆಯವರೆಗೆ ಅಗೆದು ಕೊಟ್ಟರು, ಅವಳ ಸೈಕಲ್ಲು ಬರಲಿ ಎಂದು. ಪುರಸಭೆ ಕೊಟ್ಟ ಮಾತು ಉಳಿಸಿಕೊಂಡಿತ್ತು, ಅದಕ್ಕೆ ಅಗೆದರು. ನರ್ಸು ಬಂದಳು, ಅದಕ್ಕೆ ಅಮ್ಮ ವಸಂತದವರೆಗೆ ತಡೆದುಕೊಂಡಳು. ಅವಳು ಬಾರದಿದ್ದರೆ ಎರಡನೇ ವಾರಕ್ಕೇ ಅಮ್ಮ ಕೈಚೆಲ್ಲುತ್ತಿದ್ದಳು, ಜಾನೆಸ್‌ನ ಅಮ್ಮನ ಕಾಲೂ ಹೋಗುತ್ತಿತ್ತು. ‘ಯಾವ ಕಚೇರಿಯನ್ನೂ ಕೇಳಲಿಲ್ಲ’ ಅಂತೆ. ಕೇಳಿದಳಪ್ಪಾ, ಮೇಜು ಕುಟ್ಟಿ ಕೇಳಿದಳು. ನಿನ್ನ ಕಥೆಯ ಅಮ್ಮನಿಗಿಂತ ಆ ಅಮ್ಮನ ಮೇಲೆ ನನಗೆ ಹೆಚ್ಚು ಹೆಮ್ಮೆ.

ಇನ್ನು ಇಲ್ಲಿಯ ಸಮಾಚಾರ. ಪಿನಾಸ್ ಮತ್ತೆ ಬಂದರು, ಈ ಸಲ ಬಕೆಟ್ಟಿಲ್ಲದೆ. “ನಾನೇನು ತಪ್ಪು ಮಾಡಿದೆ, ಅಮ್ಮಾ?” ಎಂದು ಕೇಳಿದರು. ಒಳಗೆ ಕೂರಿಸಿ, ಟೋಪಿಯ ವಿಷಯ ಹೇಳಿದೆ. ಮುಂದಿನ ಶನಿವಾರವೇ ಟ್ರಾಮಿನ ಟೋಪಿ ಕೈಯಲ್ಲಿ ಹಿಡಿದು ಮನೆಮನೆಗೆ ಹೋಗಿ ನೆರೆತನ ಕೇಳಿದರು. ಪ್ರತಿ ಮನೆಯಲ್ಲೂ ಒಂದು ಗುಟುಕು ಜೆನೆವರ್ ಸಾರಾಯಿ ಕುಡಿಯಲೇಬೇಕಲ್ಲ, ಐದನೆಯ ಮನೆ ಹೊತ್ತಿಗೆ ರಾಟರ್‌ಡ್ಯಾಮಿನ ನಿಲ್ದಾಣಗಳ ಹೆಸರನ್ನೆಲ್ಲ ಹಾಡಿನಂತೆ ಹೇಳುತ್ತಿದ್ದರಂತೆ. ನಾವೂ ಹೊಸ ನೆರೆಯವರನ್ನು ಸೇರಿಸಿಕೊಳ್ಳುವ ಪದ್ಧತಿಯಂತೆ ಅವರ ಬಾಗಿಲಿಗೆ ಹಸಿರು ಕಮಾನು ಕಟ್ಟಿದೆವು. ಮರ್ಲೀನ್ ಎಲ್ಲರಿಗೂ ಕೋಳಿ, ಅನ್ನ ಬಡಿಸಿದಳು. ಖಾರಕ್ಕೆ ನಮ್ಮ ಗಂಡಸರೆಲ್ಲ ಕಣ್ಣೊರೆಸಿಕೊಂಡರು, ನಿನ್ನ ಮಾರಿಸ್ಕಾಳ ಹಾಗೆ.

ಆ ಊಟದಲ್ಲೇ ಜಾನೆಸ್ ಬಾಯಿಬಿಟ್ಟ. ಅವನು ವರ್ಷಕ್ಕೆ ಎರಡು ಮಾತಾಡುವವನೆಂದು ನಿನಗೆ ಗೊತ್ತು. “ಪಿನಾಸ್ ಬಂದು ಎರಡು ವರ್ಷ ಆಗಿಲ್ಲ, ಮನೆಮನೆಗೆ ಬಂದ. ನಾಲ್ಕು ಪುರಸಭೆ ಸೇರಿಸಿ ಈ ದೊಡ್ಡ ಪುರಸಭೆ ಮಾಡಿ ಹದಿನಾಲ್ಕು ವರ್ಷ ಆಯ್ತು. ಒಂದು ಮನೆ ಹೊಸ್ತಿಲಾದ್ರೂ ತುಳಿದಿದೆಯಾ? ನೆರೆತನ ಕೇಳದೆ ನೆರೆತನದ ಪುಸ್ತಕ ಹಂಚ್ತಾರೆ.”

ಮಾರ್ಚ್ ಸಭೆಗೆ ಎಲ್ಲರೂ ಹೋಗುತ್ತಿದ್ದೇವೆ. ಮಾತಾಡುವವಳು ನಾನು.

ಗೆಸೀನಾ

ಮಿಡಲ್‌ಬರ್ಗ್
8 ಮಾರ್ಚ್ 2015

ಪ್ರೀತಿಯ ಅಕ್ಕ,

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಸೊಂಟದ ವಿಷಯ ನನಗೆ ಹೇಳಬೇಕಿತ್ತು. ನೋವಾಯಿತು. ಹೇಳದಿದ್ದದ್ದು ಯಾಕೆಂದು ಅರ್ಥವಾದಾಗ ಇನ್ನೂ ನೋವಾಯಿತು.

ನರ್ಸು ನನಗೆ ನೆನಪೇ ಇಲ್ಲ. ಒಂದು ಸೈಕಲ್ ಗಂಟೆ ಮಾತ್ರ ನೆನಪಿದೆ. ಅಂಚೆಯವನದೆಂದು ಈವರೆಗೂ ಅಂದುಕೊಂಡಿದ್ದೆ.

ಆದರೆ ಸಭೆಯ ವಿಷಯದಲ್ಲಿ ನನ್ನ ಮಾತು ಕೇಳು. ಮೊದಲೇ ಹೆಸರು ಕೊಟ್ಟವರಿಗೆ ಮಾತ್ರ ಅವಕಾಶ, ಅದೂ ಐದು ನಿಮಿಷ. ಗುಂಪು ಕಟ್ಟಿಕೊಂಡು ಹೋದರೆ ಸದಸ್ಯರು ಗಟ್ಟಿಯಾಗಿಬಿಡುತ್ತಾರೆ. ನಾನು ಆ ಕಡೆ ಕೂತವನು, ನನಗೆ ಗೊತ್ತು. ಪೆಟ್ಟಿಗೆ, ಹೆಗಲು ಎಂದೆಲ್ಲ ಶುರು ಮಾಡಬೇಡ. ಒಬ್ಬಳೇ ಹೋಗು, ಬರೆದುಕೊಂಡು ಹೋಗು, ಜಾನೆಸ್‌ನನ್ನು ಮನೆಯಲ್ಲಿ ಬಿಡು.

ನಿನ್ನ ಲಾಮರ್ಟ್

ಎಲ್ಲರ್‌ಹುಕ್
3 ಏಪ್ರಿಲ್ 2015

ಪ್ರೀತಿಯ ಲಾಮರ್ಟ್,

ನಿನ್ನ ಸಲಹೆಯಲ್ಲಿ ಒಂದನ್ನು ಪಾಲಿಸಿದೆ, ಮೊದಲೇ ಹೆಸರು ಕೊಟ್ಟೆ. ಉಳಿದದ್ದು ಆಗಲಿಲ್ಲ.

ಏಳು ಮನೆಯವರೂ ಪಿನಾಸರೂ ಫುಟ್‌ಬಾಲ್ ಕ್ಲಬ್ಬಿನ ವ್ಯಾನಿನಲ್ಲಿ ಹೋದೆವು. ಸ್ಟೀರಿಂಗ್ ಪಿನಾಸರದು, ತಿರುವು ತಿರುವಿಗೂ ನಿಲ್ದಾಣದ ಹೆಸರು ಕೂಗುತ್ತಿದ್ದರು. ಸಭೆಯಲ್ಲಿ ಬೇರೆ ಹಳ್ಳಿಗಳವರೂ ಬಂದಿದ್ದರು, ಕುರ್ಚಿ ಸಾಲಲಿಲ್ಲ. ಖಾಲಿ ಕುರ್ಚಿ ಎಂದು ಬರೆದಿದ್ದೆಯಲ್ಲ, ಬಂದು ನೋಡಬೇಕಿತ್ತು ನೀನು. ಊರುಗೋಲು ಮೇಜಿಗೆ ಒರಗಿಸಿ ನಿಂತೆ. ಬರೆದುಕೊಂಡು ಹೋದದ್ದನ್ನು ಓದಲು ಕನ್ನಡಕ ಮರೆತಿದ್ದೆ. ಹಾಗಾಗಿ ಬಾಯಿಗೆ ಬಂದದ್ದನ್ನೇ ಹೇಳಿದೆ.

“ನಮ್ಮ ನೆರೆತನದ ಬಗ್ಗೆ ನಿಮಗೆ ಹೆಮ್ಮೆ ಅಂತೆ. ಸಂತೋಷ, ನಮಗೂ ಇದೆ. ಅದಕ್ಕೇ ಅದನ್ನ ನಿಮ್ಮ ಸಿಬ್ಬಂದಿ ಲೆಕ್ಕಕ್ಕೆ ಸೇರಿಸ್ಕೊಳ್ಳೋಕೆ ಬಿಡಲ್ಲ. ಬೆಂಕಿ ಬಿದ್ರೆ, ಮಗು ಹುಟ್ಟಿದ್ರೆ, ಯಾರಾದ್ರೂ ಸತ್ರೆ ನಾವು ಬರ್ತೀವಿ. ನೀವು ಕಾಗದ ಕಳ್ಸೋದು ಬೇಡ. ಆದ್ರೆ ವಾರವಾರ ನನ್ನ ಬೆನ್ನಿಗೆ ನೀರು ಹಾಕೋಕೆ ಈ ಜಾನೆಸ್ ಬಂದ್ರೆ, ಆಮೇಲೆ ನಾನು ಅವನ ಮುಖ ನೋಡೋದು ಹೇಗೆ? ಅವನು ಬರೋದು ನಿಂತ್ರೆ ನನ್ನ ಪೆಟ್ಟಿಗೆಗೆ ಹೆಗಲು ಕೊಡೋರು ಯಾರು? ನಿಮ್ಮ ಕೆಲಸ ನೀವು ಮಾಡಿ. ಆಗ ನಮ್ಮದು ನಾವು ಮಾಡೋಕೆ ಆಗುತ್ತೆ.”

ಜಾನೆಸ್‌ನ ಕಿವಿ ಬೀಟ್‌ರೂಟಿನ ಹಾಗೆ ಕೆಂಪಾಗಿತ್ತು. ಆದರೆ ಎದ್ದು ಪಕ್ಕದಲ್ಲಿ ನಿಂತ. ಆಮೇಲೆ ಪಿನಾಸ್ ಎದ್ದರು, ಆಮೇಲೆ ಎಲ್ಲರೂ.

ಮಾರಿಸ್ಕಾ ಓಲ್ಡೆನ್ ಹೇಳಿದರು: “ನಿಮ್ಮ ತಮ್ಮ ನನಗೆ ಬರೆದಿದ್ದಾರೆ. ಕಥೆ ಅರ್ಧ ಹೇಳಿದ್ದೆ, ಇನ್ನರ್ಧ ಅಕ್ಕನ ಹತ್ರ ಇದೆ, ಕೇಳಿ ಅಂತ.”

ಕಳ್ಳ. ಜಾನೆಸ್‌ನನ್ನು ಮನೆಯಲ್ಲಿ ಬಿಡು ಎಂದು ನನಗೆ ಬರೆದ ಕೈಯಲ್ಲೇ ಅದನ್ನೂ ಬರೆದಿದ್ದೀಯ. ನೀರು ಕುಡಿದು, ಅಷ್ಟು ಜನರ ಮುಂದೆ ಇನ್ನರ್ಧ ಹೇಳಿದೆ. ಐದು ನಿಮಿಷ ಯಾವಾಗಲೋ ಮುಗಿದಿತ್ತು, ಯಾರೂ ಗಂಟೆ ಬಾರಿಸಲಿಲ್ಲ.

ಹೊರಗೆ ಮಾರಿಸ್ಕಾ ಜಾನೆಸ್‌ನನ್ನು ಕೇಳಿದರು, “ಪುರಸಭೆ ನೆರೆಯವರಾಗಬೇಕಾದ್ರೆ ಏನು ಮಾಡ್ಬೇಕು?” ಇವನು ಹೇಳಿದ, “ಎಲ್ರೂ ಮಾಡೋದೇ. ಟೋಪಿ ಕೈಯಲ್ಲಿ, ಮನೆಮನೆಗೆ.” ಮುಂದಿನ ಶನಿವಾರ ಸೈಕಲ್ಲು ತುಳಿದುಕೊಂಡು ಬಂದೇಬಂದರು, ಮಗಳ ಉಣ್ಣೆಟೋಪಿ ಕೈಯಲ್ಲಿ ಹಿಡಿದು. ಪ್ರತಿ ಮನೆಯಲ್ಲೂ ಕೂತರು. ನನ್ನ ಸ್ನಾನದ ತೊಟ್ಟಿಯ ಅಂಚು ಎಷ್ಟು ಎತ್ತರವೆಂದು ತಾವೇ ಕಾಲೆತ್ತಿ ನೋಡಿದರು. ಜೆನೆವರ್ ಮೂರನೆಯ ಮನೆಗೇ ಸಾಕಾಯಿತು, ಉಳಿದ ಕಡೆ ಕಾಫಿಗೆ ಒಪ್ಪಿದೆವು.

ಸಭೆ ತೀರ್ಮಾನ ಬದಲಿಸಿತು. ಸಿಲ್ವಿಯಾಳ ಶುಕ್ರವಾರ ಹೋಯಿತು, ಮಂಗಳವಾರ ಉಳಿಯಿತು, ನನಗೊಬ್ಬಳಿಗಲ್ಲ, ಇಡೀ ಪುರಸಭೆಗೆ. ಮಂಗಳವಾರ ಇದ್ದರೆ ನಾನು ಈ ಮನೆಯಲ್ಲಿರಬಲ್ಲೆ. ಉಳಿದ ದಿನಗಳಿಗೆ ಅಡುಗೆಮನೆಯ ಪರದೆ ಇದೆ. ಈಗ ಅದನ್ನು ಎರಡು ಮನೆಯವರು ನೋಡುತ್ತಾರೆ, ನಾನು ತಡವಾಗಿ ಏಳುವ ಹಾಗೇ ಇಲ್ಲ.

ಮೊನ್ನೆ ಬೆಳಿಗ್ಗೆ ಪುರಸಭೆಯ ಬಾಗಿಲಿಗೆ ಕಮಾನು ಕಟ್ಟಿದೆವು, ಸ್ಪ್ರೂಸ್ ಕೊಂಬೆ, ಕಾಗದದ ಗುಲಾಬಿ, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಕಾವಲಿನವನು ಓಡಿಬಂದ. “ಪರ್ಮಿಷನ್ ತಗೊಂಡಿದ್ದೀರಾ?”

“ಪರ್ಮಿಷನ್ ತಗೊಂಡು ಕಟ್ಟೋರಿಗೆ ಕಾಂಟ್ರಾಕ್ಟರು ಅಂತಾರೆ,” ಅಂದ ಜಾನೆಸ್. ಈ ವರ್ಷದ ಮಾತುಗಳೆಲ್ಲ ಅವನಿಗೆ ಖರ್ಚಾದವು.

ಕಮಾನಿನೊಳಗೆ ಇರುವವರೇ ಅದನ್ನು ಬಿಚ್ಚಬೇಕು, ಬಿಚ್ಚಿದ ದಿನ ಊಟ ಹಾಕಬೇಕು. ಅದೂ ಅವರಿಗೆ ಗೊತ್ತಿರಲಿಲ್ಲ, ಹೇಳಿಕೊಟ್ಟೆವು. ಕಚೇರಿಯವರೆಲ್ಲ ಬಟಾಣಿ ಸೂಪಿನ ತಯಾರಿಯಲ್ಲಿದ್ದಾರಂತೆ.

ನಿನ್ನ ಅಕ್ಕ
ಗೆಸೀನಾ

ಮಿಡಲ್‌ಬರ್ಗ್
9 ಏಪ್ರಿಲ್ 2015

ಪ್ರೀತಿಯ ಅಕ್ಕ,

ಇಷ್ಟು ವರ್ಷದ ನೌಕರಿಯಲ್ಲಿ ನನ್ನ ಕಚೇರಿಯ ಬಾಗಿಲಿಗೆ ದೂರುಗಳನ್ನು ಅಂಟಿಸಿದವರಿದ್ದಾರೆ, ಒಂದು ಸಲ ಮೊಟ್ಟೆಯನ್ನೂ ಹೊಡೆದಿದ್ದಾರೆ. ಕಮಾನು ಯಾರೂ ಕಟ್ಟಲಿಲ್ಲ. ನಿನ್ನ ಬಗ್ಗೆ ಹೆಮ್ಮೆಯಾಗುತ್ತಿದೆ. ಇದನ್ನು ಮೊದಲೇ ಹೇಳಬೇಕಿತ್ತು.

ಮಾರಿಸ್ಕಾ ಹೊಸ ಪುಸ್ತಿಕೆ ಅಚ್ಚು ಹಾಕಿಸುತ್ತಿದ್ದಾರೆ. ಕೊನೆಯ ಪುಟವನ್ನು ನಾನೇ ತಿದ್ದಬೇಕಂತೆ. ಅಮ್ಮ ಮೇಯರ್ ಮುಂದೆ ನಿಂತದ್ದನ್ನೂ, ಸಲಿಕೆ ಹಿಡಿದವರನ್ನೂ ಬರೆದೆ. ನರ್ಸಿನ ಹತ್ತಿರ ಬಂದು ನಿಂತಿದ್ದೇನೆ. ಆಕೆಯ ಹೆಸರೇನು?

ಸೂಪಿನ ದಿನ ಬರುತ್ತೇನೆ. ನನಗೆ ನೆರೆತನ ಇನ್ನೂ ಉಳಿದಿದೆಯೇ, ಕೇಳಿ ಬರೆ.

ನಿನ್ನ ಲಾಮರ್ಟ್

ಎಲ್ಲರ್‌ಹುಕ್
14 ಏಪ್ರಿಲ್ 2015, ಮಂಗಳವಾರ

ಲಾಮರ್ಟ್,

ಕೇಳಿದೆ. ಊರು ಬಿಟ್ಟು ಐವತ್ತು ವರ್ಷವಾದವನಿಗೆ ರಿಯಾಯಿತಿ ಇಲ್ಲವಂತೆ. ಟೋಪಿ ತಾ. ಮನೆಗಳು ಈಗ ಎಂಟು, ಜೆನೆವರಿಗೆ ಹೊಟ್ಟೆ ಗಟ್ಟಿ ಮಾಡಿಕೊಂಡು ಬಾ.

ಸಿಲ್ವಿಯಾ ಒಳಗೆ ಬಿಸಿನೀರು ಬಿಟ್ಟಿದ್ದಾಳೆ, ಕರೆಯುತ್ತಿದ್ದಾಳೆ, ಅದಕ್ಕೆ ಚಿಕ್ಕದಾಗಿ ಮುಗಿಸುತ್ತೇನೆ. ನರ್ಸಿನ ಹೆಸರು ಅಲೈಡಾ ನೈಲಾಂಡ್. ಸಂಬಳ ಕೊಟ್ಟದ್ದು ಪುರಸಭೆ, ದಾರಿ ಅಗೆದದ್ದು ನಾವು. ಎರಡನ್ನೂ ಬರೆ.

ಗೆಸೀನಾ